ಮ್ಯಾಸಮ್ ಊರಿನ ಕುರಿ ಜಾತ್ರೆ: ದಾನವೇ ಎಬ್ಬಿಸಿ ನಿಲ್ಲಿಸಿದ ಸಂತೆ

(ಚಳ್ಳಕೆರೆಯ ಓದುಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕುರಿಯ ಬಗ್ಗೆ ಈ ಊರಿನಲ್ಲಿ ಮಾತಾಡುವುದು ಸಲೀಸು. ರೊಪ್ಪ ಎಂದರೇನು, ಉಣ್ಣೆ ಯಾವಾಗ ಕತ್ತರಿಸುತ್ತಾರೆ, ಟಗರನ್ನು ಹೇಗೆ ಆರಿಸುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಕೂತಿರುವ ಹಿರಿಯರಲ್ಲಿ ಕೆಲವರು ಮಗ್ಗದ ಮುಂದೆ ಕೂತು ಕಂಬಳಿ ನೇಯ್ದವರೇ ಇದ್ದೀರಿ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಯಾರ್ಕ್‌ಷೈರ್ ಎಂಬ ಸೀಮೆ ಇದೆ. ನಾನಿರುವ ಲೀಡ್ಸ್ ಅದರ ದೊಡ್ಡ ಪಟ್ಟಣಗಳಲ್ಲಿ ಒಂದು. ಅಲ್ಲಿಂದ ಉತ್ತರಕ್ಕೆ ಹೋದರೆ ರಿಪನ್ ಸಿಗುತ್ತದೆ, ರಿಪನ್ ದಾಟಿ ಸ್ವಲ್ಪ ದೂರ ಹೋದರೆ ಯೂರ್ ನದಿಯ ಪಕ್ಕದಲ್ಲಿ ಮ್ಯಾಸಮ್ ಎಂಬ ಊರು. ಜನ ಸಾವಿರ ಚಿಲ್ಲರೆ. ಸೆಪ್ಟೆಂಬರ್ ಕೊನೆಯಲ್ಲಿ ಒಂದು ಶನಿವಾರ, ಭಾನುವಾರ ಅಲ್ಲಿ ಕುರಿ ಜಾತ್ರೆ ಸೇರುತ್ತದೆ. ಬಂದ ದುಡ್ಡೆಲ್ಲ ದಾನಕ್ಕೆ ಹೋಗುತ್ತದೆ. ನಾನು ನೋಡಿದ ಆ ಜಾತ್ರೆಯ ಬಗ್ಗೆ, ಅದು ಸತ್ತು ಮತ್ತೆ ಹುಟ್ಟಿದ ಬಗೆಯ ಬಗ್ಗೆ ಇವತ್ತು ಮಾತಾಡುತ್ತೇನೆ.

ಊರೊಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ನಡುವಿನ ಚೌಕ. ಸುತ್ತ ಕಲ್ಲಿನ ಹಳೆಯ ಮನೆಗಳು, ಒಂದು ಮೂಲೆಯಲ್ಲಿ ಎತ್ತರದ ಗೋಪುರದ ಸೇಂಟ್ ಮೇರಿ ಚರ್ಚು, ನಡುವೆ ವಿಶಾಲವಾದ ಬಯಲು. ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಚೌಕ ಯಾಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಉತ್ತರ ಕುರಿಯೇ. ಆ ಚೌಕ ಕಟ್ಟಿದ್ದು ಮನುಷ್ಯರು ಅಡ್ಡಾಡಲಿ ಎಂದಲ್ಲ, ಮಂದೆಗಳು ನಿಲ್ಲಲಿ ಎಂದು.

ಜಾತ್ರೆಯ ದಿನ ಆ ಬಯಲಿನ ತುಂಬ ಸಾಲು ಸಾಲಾಗಿ ಪುಟ್ಟ ರೊಪ್ಪಗಳು. ಒಂದೊಂದರಲ್ಲಿ ಎರಡೋ ಮೂರೋ ಕುರಿ, ಕೆಳಗೆ ಒಣಹುಲ್ಲು. ಮೇಲೆ ರಟ್ಟಿನಲ್ಲಿ ತಳಿಯ ಹೆಸರು. ನಮ್ಮ ಜಾತ್ರೆಗಳ ಹಾಗೆ ಮೈಕಿನ ಅಬ್ಬರ ಇಲ್ಲ. ಆದರೆ ಕುರಿಗಳ ಅರಚಾಟ ಎಲ್ಲಿ ಹೋದರೂ ಕೇಳಿಸುತ್ತಿರುತ್ತದೆ. ಆ ವಾಸನೆ ಮಾತ್ರ ನಮ್ಮ ಊರಿನದೇ. ನನಗೆ ಅದು ತುಂಬ ಹಿತವೆನಿಸಿತು.

ಮೊದಲು ಕಂಡದ್ದು ಸ್ವೇಲ್‌ಡೇಲ್ ಕುರಿ. ಕಪ್ಪು ಮುಖ, ಮೂತಿ ಮತ್ತು ಕಣ್ಣಿನ ಸುತ್ತ ಬಿಳಿ, ಸುರುಳಿ ಸುತ್ತಿದ ಕೊಂಬು. ಅಲ್ಲಿನ ಯಾರ್ಕ್‌ಷೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನದ ಗುರುತು ಈ ತಳಿಯ ಟಗರಿನ ತಲೆ. ಕೊಂಬಿನ ಮೇಲೆ ಸುಟ್ಟು ಹಾಕಿದ ಅಕ್ಷರ, ಉಣ್ಣೆಯ ಮೇಲೆ ಬಣ್ಣದ ಗುರುತು. ಯಾರ ಕುರಿ ಯಾವುದು ಎಂದು ಗುಡ್ಡದ ಮೇಲೆ ಗೊತ್ತಾಗಬೇಕಲ್ಲ, ಅದಕ್ಕೆ. ಇಲ್ಲಿ ಕಿವಿಗೆ ಗುರುತು ಮಾಡುವುದು ಗೊತ್ತಿದ್ದವರಿಗೆ ಇದು ಹೊಸದಲ್ಲ.

ಒಂದು ರೊಪ್ಪದಲ್ಲಿದ್ದ ಟಗರಿನ ಬೆನ್ನು ಕಂದು ಬಣ್ಣಕ್ಕಿತ್ತು. ಕೊಳೆಯೇ ಎಂದು ನೋಡುತ್ತಿದ್ದೆ. ಅದನ್ನು ಹಿಡಿದುಕೊಂಡಿದ್ದ ವಯಸ್ಸಾದ ಹೆಂಗಸು ನಕ್ಕರು.

“ಕೊಳೆಯಲ್ಲ ಅದು, ಪೀಟ್. ನಮ್ಮ ಗುಡ್ಡದ ಕಪ್ಪು ಮಣ್ಣು. ಪ್ರದರ್ಶನಕ್ಕೆ ತರುವ ಮುಂಚೆ ಹಚ್ಚುತ್ತೇವೆ. ಹಚ್ಚಿದರೆ ಮುಖದ ಕಪ್ಪು-ಬಿಳುಪು ಎದ್ದು ಕಾಣುತ್ತದೆ. ಮುಟ್ಟಿ ನೋಡು.”

ಮುಟ್ಟಿದೆ. ಒರಟು ಉಣ್ಣೆ, ನಮ್ಮ ಡೆಕ್ಕನಿ ಕುರಿಯ ಉಣ್ಣೆ ನೆನಪಾಯಿತು. ಇದನ್ನು ಏನಕ್ಕೆ ಬಳಸುತ್ತೀರಿ ಎಂದು ಕೇಳಿದೆ. “ಕಾರ್ಪೆಟ್ಟಿಗೆ ಹೋಗುತ್ತದೆ. ಮೈಗೆ ಹಾಕಿಕೊಳ್ಳಲು ಯಾರೂ ಕೇಳುವುದಿಲ್ಲ” ಎಂದರು. ಆಮೇಲೆ ಟಗರಿನ ತುಟಿ ಎತ್ತಿ ಹಲ್ಲು ತೋರಿಸಿದರು. ಎರಡು ಹಲ್ಲೋ ನಾಲ್ಕು ಹಲ್ಲೋ ನೋಡಿ ವಯಸ್ಸು ಹೇಳುವ ವಿದ್ಯೆ ಇಲ್ಲಿಯೂ ಒಂದೇ, ಅಲ್ಲಿಯೂ ಒಂದೇ. ಆ ಒಂದು ಕ್ಷಣದಲ್ಲಿ ನಾವಿಬ್ಬರೂ ಒಂದೇ ಕಸುಬಿನ ಮನೆಯವರು ಎನ್ನುವುದು ಅವರಿಗೂ ಗೊತ್ತಾಯಿತು. ಆಮೇಲೆ ಅವರು ಮಾತು ನಿಲ್ಲಿಸಲೇ ಇಲ್ಲ.

ಪಕ್ಕದ ಸಾಲಿನಲ್ಲಿ ವೆನ್ಸ್‌ಲೀಡೇಲ್ ಕುರಿಗಳು. ನೀಲಿ ಛಾಯೆಯ ಮುಖ. ಹಣೆಯ ಮೇಲೆ ಇಳಿಬಿದ್ದ ಗುಂಗುರು ಉಣ್ಣೆ, ಮೈಮೇಲೆ ಗೇಣುದ್ದದ ಎಳೆಗಳು, ರೇಷ್ಮೆಯಂಥ ಹೊಳಪು. ಈ ತಳಿಯ ಹುಟ್ಟಿನ ಕತೆ ಚೆನ್ನಾಗಿದೆ. 1839ರಲ್ಲಿ ಮ್ಯಾಸಮ್‌ಗೆ ಹೆಚ್ಚು ದೂರವಿಲ್ಲದ ಈಸ್ಟ್ ಆಪಲ್‌ಟನ್ ಎಂಬ ಹಳ್ಳಿಯಲ್ಲಿ ಒಂದು ಟಗರು ಮರಿ ಹುಟ್ಟಿತು. ತಂದೆ ಲೆಸ್ಟರ್ ತಳಿ, ತಾಯಿ ಟೀಸ್‌ವಾಟರ್ ತಳಿ. ಅದಕ್ಕೆ ಬ್ಲೂಕ್ಯಾಪ್ ಎಂದು ಹೆಸರಿಟ್ಟರು. ಇವತ್ತಿನ ವೆನ್ಸ್‌ಲೀಡೇಲ್ ತಳಿಯ ಮೂಲಪುರುಷ ಅದೊಂದೇ ಟಗರು. ಒಂದು ತಳಿಯ ಮೂಲವನ್ನು ಇಂಥ ವರ್ಷ, ಇಂಥ ಹಳ್ಳಿ ಎಂದು ಬೆರಳಿಟ್ಟು ತೋರಿಸುವ ಹಾಗೆ ಬರೆದಿಟ್ಟಿದ್ದಾರಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು. ನಮ್ಮ ತಳಿಗಳಿಗೂ ಇಂಥ ಕತೆಗಳು ಇದ್ದೇ ಇರುತ್ತವೆ. ಬರೆದಿಟ್ಟಿಲ್ಲ, ಅಷ್ಟೇ. ಈಗ ವೆನ್ಸ್‌ಲೀಡೇಲ್ ಅಪರೂಪವಾಗಿದೆ. ಅಳಿವಿನಂಚಿನ ಸಾಕುಪ್ರಾಣಿಗಳನ್ನು ಕಾಪಾಡಲು 1973ರಲ್ಲಿ ಹುಟ್ಟಿಕೊಂಡ ಸಂಸ್ಥೆಯೊಂದು ಅದರ ಮೇಲೆ ಕಣ್ಣಿಟ್ಟಿದೆ.

ಊರಿನ ಹೆಸರನ್ನೇ ಹೊತ್ತ ಕುರಿಯೂ ಅಲ್ಲಿತ್ತು. ಮ್ಯಾಸಮ್ ಕುರಿ. ಇದು ಬೆರಕೆ. ಗುಡ್ಡದ ಗಟ್ಟಿ ಕುರಿಗೆ ಟೀಸ್‌ವಾಟರ್ ಟಗರು ಬಿಟ್ಟು ಪಡೆದ ಮರಿ. ಈ ಬೆರಕೆಯೊಳಗೇ ಈ ಸಂತೆ ಯಾಕೆ ಹುಟ್ಟಿತು ಎನ್ನುವುದಕ್ಕೆ ಉತ್ತರ ಇದೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮ್ಯಾಸಮ್‌ನ ಪಡುವಣಕ್ಕೆ ಬೋಳು ಗುಡ್ಡಗಳು. ಮಳೆ ಜಾಸ್ತಿ, ಗಾಳಿ ಜಾಸ್ತಿ, ಹುಲ್ಲು ಕಮ್ಮಿ. ಮೂಡಣಕ್ಕೆ ಬಯಲು ಸೀಮೆ, ಒಳ್ಳೆಯ ಹುಲ್ಲು, ಹೊಲ ಗದ್ದೆ. ಗುಡ್ಡದ ರೈತ ಸ್ವೇಲ್‌ಡೇಲ್‌ನಂಥ ಗಟ್ಟಿ ತಳಿ ಸಾಕುತ್ತಾನೆ. ಅವನ ಕುರಿ ನಾಲ್ಕೈದು ವರ್ಷ ಗುಡ್ಡದ ಮೇಲೆ ಮರಿ ಹಾಕಿದ ಮೇಲೆ ಅಲ್ಲಿನ ಚಳಿ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಕೆಳಗಿನ ಹುಲ್ಲುಗಾವಲಿನಲ್ಲಿ ಇನ್ನೂ ಕೆಲವು ವರ್ಷ ಚೆನ್ನಾಗಿ ಬಾಳುತ್ತದೆ. ಕೆಳಗಿನ ರೈತ ಅದನ್ನು ಕೊಂಡು ಟೀಸ್‌ವಾಟರ್‌ನಂಥ ಉದ್ದ ಉಣ್ಣೆಯ ಟಗರು ಬಿಡುತ್ತಾನೆ. ಹುಟ್ಟಿದ ಹೆಣ್ಣು ಮರಿಗಳು ಇನ್ನೂ ಕೆಳಗಿನ ಬಯಲಿಗೆ ಹೋಗುತ್ತವೆ. ಅಲ್ಲಿ ಮಾಂಸದ ತಳಿಯ ಟಗರಿಗೆ ಕೂಡಿಸಿ ಸಂತೆಗೆ ಬೇಕಾದ ಮರಿ ಪಡೆಯುತ್ತಾರೆ. ಹೀಗೆ ಕುರಿ ಮೆಟ್ಟಿಲು ಮೆಟ್ಟಿಲಾಗಿ ಗುಡ್ಡದಿಂದ ಬಯಲಿಗೆ ಇಳಿಯುತ್ತದೆ. ಈ ಇಳಿಯುವ ಕಾಲ ಚಳಿಗಾಲದ ಮುಂಚೆ, ಅಂದರೆ ಸೆಪ್ಟೆಂಬರ್-ಅಕ್ಟೋಬರ್. ಮ್ಯಾಸಮ್ ಇರುವುದು ಗುಡ್ಡ ಮತ್ತು ಬಯಲು ಕೂಡುವ ಕಡೆ. ಸಂತೆ ಅಲ್ಲಿ ಸೇರದೆ ಇನ್ನೆಲ್ಲಿ ಸೇರಬೇಕು?

ಇನ್ನೊಂದು ಕಾರಣ ಮಠಗಳು. ಹತ್ತಿರದಲ್ಲೇ ಫೌಂಟನ್ಸ್ ಮತ್ತು ಜೆರ್ವೋ ಎಂಬ ಎರಡು ದೊಡ್ಡ ಕ್ರೈಸ್ತ ಮಠಗಳಿದ್ದವು. ಫೌಂಟನ್ಸ್ ಶುರುವಾದದ್ದು 1132ರಲ್ಲಿ. ಜೆರ್ವೋ ಸನ್ಯಾಸಿಗಳು ಈಗಿನ ಜಾಗಕ್ಕೆ ಬಂದದ್ದು 1156ರಲ್ಲಿ. ಇವರು ಸಾವಿರಗಟ್ಟಲೆ ಕುರಿ ಸಾಕಿದರು. ಇಟಲಿಯ ವ್ಯಾಪಾರಿಗಳು ಬಂದು ಮುಂದಿನ ವರ್ಷಗಳ ಉಣ್ಣೆಗೂ ಮುಂಗಡ ಕೊಟ್ಟು ಹೋಗುತ್ತಿದ್ದರು. ಕುರಿಗೆ ರೋಗ ಬಂದ ವರ್ಷ ಮಠ ಸಾಲದಲ್ಲಿ ಮುಳುಗುತ್ತಿತ್ತು. ಮುಂಗಡ ತಗೊಂಡು ಸಿಕ್ಕಿಹಾಕಿಕೊಳ್ಳುವ ಕಷ್ಟ ಎಂಟು ನೂರು ವರ್ಷದ ಹಿಂದೆಯೂ ಇತ್ತು ನೋಡಿ. ವೆನ್ಸ್‌ಲೀಡೇಲ್ ಚೀಸ್ ಮಾಡುವುದನ್ನು ಕಲಿಸಿದ್ದೂ ಈ ಸನ್ಯಾಸಿಗಳೇ, ಮೊದಮೊದಲು ಕುರಿಯ ಹಾಲಿನಲ್ಲಿ. ಮುಂದೆ ಎಂಟನೇ ಹೆನ್ರಿ ರಾಜ ಮಠಗಳನ್ನೆಲ್ಲ ಮುಚ್ಚಿಸಿದ. ರಾಜನ ವಿರುದ್ಧದ ದಂಗೆಯಲ್ಲಿ ಸೇರಿದನೆಂದು ಜೆರ್ವೋ ಮಠದ ಹಿರಿಯನನ್ನು 1537ರಲ್ಲಿ ಕೊಂದರು. ಮಠಗಳು ಹಾಳುಬಿದ್ದವು, ಕುರಿಗಳು ಉಳಿದವು.

ಮ್ಯಾಸಮ್‌ಗೆ ಸಂತೆಯ ಹಕ್ಕು ಸಿಕ್ಕಿದ್ದು 13ನೇ ಶತಮಾನದ ನಡುವಿನಲ್ಲಿ. ಸಂತೆ ಜೋರಾಗಿದ್ದ ಕಾಲದಲ್ಲಿ 70 ಸಾವಿರಕ್ಕೂ ಮೇಲೆ ಕುರಿಗಳು ಬರುತ್ತಿದ್ದವಂತೆ. ಊರವರು ಈಗಲೂ ಆ ಲೆಕ್ಕ ಹೇಳುತ್ತಾರೆ. ಸಾವಿರ ಜನರ ಊರಿನ ಬೀದಿಗಳಲ್ಲಿ ಅಷ್ಟು ಕುರಿ ಎಂದರೆ ಹೇಗಿದ್ದಿರಬೇಕು! ಆಮೇಲೆ ರೈಲು ಬಂತು, ಲಾರಿ ಬಂತು. ಹರಾಜು ಕಟ್ಟೆಗಳು ಬೇರೆ ಊರುಗಳಲ್ಲಿ ಹುಟ್ಟಿಕೊಂಡವು. ಕುರಿಯನ್ನು ನಡೆಸಿಕೊಂಡು ಬರುವ ಕೆಲಸವೇ ತಪ್ಪಿತು. ಸಂತೆ ಸೊರಗುತ್ತಾ ಹೋಗಿ ನಿಂತೇಹೋಯಿತು. ಚೌಕ ಖಾಲಿ ಉಳಿಯಿತು.

ಈಗ ಮುಖ್ಯ ಮಾತಿಗೆ ಬಂದೆ.

1984-85ರಲ್ಲಿ ಇಥಿಯೋಪಿಯಾ ಮತ್ತು ಸುತ್ತಲಿನ ಆಫ್ರಿಕಾದ ನಾಡುಗಳಲ್ಲಿ ಭೀಕರ ಬರಗಾಲ ಬಿತ್ತು. ಟಿವಿಯಲ್ಲಿ ಆ ಚಿತ್ರಗಳನ್ನು ನೋಡಿ ಬ್ರಿಟನ್ನಿನ ಜನ ಕರಗಿಹೋದರು. 1985ರ ಜುಲೈ 13ರಂದು ಲಂಡನ್ನಿನಲ್ಲೂ ಫಿಲಡೆಲ್ಫಿಯಾದಲ್ಲೂ ದೊಡ್ಡ ಸಂಗೀತ ಕಾರ್ಯಕ್ರಮ ನಡೆಸಿ ದುಡ್ಡು ಎತ್ತಿದರು, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ಬರದಲ್ಲಿ ಜನರಷ್ಟೇ ಅಲ್ಲ, ಅವರ ಕುರಿ ಮೇಕೆಗಳೂ ಸತ್ತಿದ್ದವು. ಮಳೆ ಬಂದ ಮೇಲೂ ಮಂದೆ ಇಲ್ಲದವನು ಬದುಕನ್ನು ಎಲ್ಲಿಂದ ಶುರು ಮಾಡುತ್ತಾನೆ? ಇದು ಕುರಿ ಸಾಕುವವರಿಗೆ ಬೇಗ ಅರ್ಥವಾಗುತ್ತದೆ. ಮ್ಯಾಸಮ್ ಸೀಮೆಯ ಒಬ್ಬ ಹೆಣ್ಣುಮಗಳು 1986ರಲ್ಲಿ ಒಂದು ಯೋಚನೆ ಮುಂದಿಟ್ಟರು: ನಮ್ಮ ಹಳೆಯ ಕುರಿ ಸಂತೆಯನ್ನು ಮತ್ತೆ ಸೇರಿಸೋಣ, ಬಂದ ದುಡ್ಡನ್ನು ಆಫ್ರಿಕಾದ ಕುರಿಗಾಹಿಗಳಿಗಾಗಿ ಕಳಿಸೋಣ.

ಹೀಗೆ ನಿಂತುಹೋಗಿದ್ದ ಸಂತೆ ಮತ್ತೆ ಸೇರಿತು. ವ್ಯಾಪಾರ ಅದನ್ನು ಕೈಬಿಟ್ಟಿತ್ತು. ಎಲ್ಲೋ ದೂರದ, ಕಂಡು ಕೇಳದ ಕುರಿಗಾಹಿಯ ಮೇಲಿನ ಮರುಕ ಅದನ್ನು ಎತ್ತಿ ನಿಲ್ಲಿಸಿತು. ಮುಂದಿನ ವರ್ಷಗಳಲ್ಲಿ ದುಡ್ಡು ಊರ ಸುತ್ತಲಿನ ಒಳ್ಳೆಯ ಕೆಲಸಗಳಿಗೆ ಹೋಗತೊಡಗಿತು, ಜಾತ್ರೆ ಮಾತ್ರ ನಿಲ್ಲಲಿಲ್ಲ. ಜಾತ್ರೆಯಿಂದ ದಾನಕ್ಕೆ ದುಡ್ಡು ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ದಾನದಿಂದ ಜಾತ್ರೆಗೆ ಜೀವ ಬಂದಿದೆ ಎನ್ನುವುದು ನನಗೆ ಅಲ್ಲಿ ನಿಂತಾಗ ಹೊಳೆದದ್ದು. ಯಾಕೆಂದರೆ ಲಾಭಕ್ಕಾಗಿ ಮಾಡಿದ್ದರೆ, ಒಂದು ವರ್ಷ ನಷ್ಟವಾದ ಕೂಡಲೇ ನಿಲ್ಲಿಸುತ್ತಿದ್ದರು. ಸುಮ್ನೆ ಹಳೆಯ ನೆನಪಿಗಾಗಿ ಮಾಡಿದ್ದರೆ, ನೆನಪಿದ್ದವರು ತೀರಿಕೊಂಡ ಮೇಲೆ ಯಾರಿಗೂ ಬೇಡವಾಗುತ್ತಿತ್ತು. ಇನ್ನೊಬ್ಬರಿಗೆ ಕೊಡಬೇಕು ಎನ್ನುವ ಕಾರಣ ಪ್ರತಿ ವರ್ಷವೂ ಹೊಸದಾಗಿಯೇ ಇರುತ್ತದೆ.

ದುಡ್ಡು ಹೇಗೆ ಸೇರುತ್ತದೆ? ಅದೇನೂ ದೊಡ್ಡ ದಾನಿಗಳು ಬಂದು ಚೆಕ್ ಕೊಡುವ ಸಮಾರಂಭವಲ್ಲ. ಒಂದೊಂದು ಪೌಂಡೇ ಸೇರುತ್ತದೆ. ಒಂದು ಮೇಜಿನ ಮೇಲೆ ಲಾಟರಿ ಚೀಟಿ. ಇಂಗ್ಲೆಂಡಿನ ಹಳ್ಳಿ ಜಾತ್ರೆಗಳಲ್ಲಿ ಇದು ಇದ್ದೇ ಇರುತ್ತದೆ. ಬಹುಮಾನಗಳನ್ನು ಅಂಗಡಿಯವರು, ಮನೆಯವರು ಕೊಟ್ಟಿರುತ್ತಾರೆ: ಒಂದು ಬಾಟಲಿ ಜಾಮ್, ಒಂದು ಹೆಣೆದ ಟೋಪಿ, ಒಂದು ಡಬ್ಬಿ ಬಿಸ್ಕತ್ತು. ಲಾಟರಿ ಎಂದರೆ ಜೂಜು, ಅದಕ್ಕೆ ಪರವಾನಗಿ ಬೇಕು. ಆದರೆ ಜಾತ್ರೆಯ ಜೊತೆಗೆ ನಡೆಯುವ, ಯಾರ ಸ್ವಂತ ಲಾಭಕ್ಕೂ ಅಲ್ಲದ ಇಂಥ ಚೀಟಿಗೆ 2005ರ ಜೂಜು ಕಾಯ್ದೆಯಲ್ಲೇ ವಿನಾಯಿತಿ ಕೊಟ್ಟಿದ್ದಾರೆ. ಹಳ್ಳಿಯ ಜಾತ್ರೆ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದವರು ಬರೆದ ಕಾನೂನು ಅನ್ನಿಸುತ್ತದೆ, ಅಲ್ವಾ? ಇನ್ನೊಂದು ಕಡೆ ಚಹಾ, ಕೇಕು, ಸ್ಕೋನ್. ಅಲ್ಲಿನವರು ಹಣ್ಣಿನ ಕೇಕನ್ನು ವೆನ್ಸ್‌ಲೀಡೇಲ್ ಚೀಸ್ ಜೊತೆ ತಿನ್ನುತ್ತಾರೆ. ಸಿಹಿಗೆ ಉಪ್ಪು ಕೂಡಿದ ಆ ರುಚಿ ನನಗೆ ಬಹಳ ಹಿಡಿಸಿತು. ಕೇಕು ಮಾಡಿದವರು ಊರಿನ ಹೆಂಗಸರು. ಹಿಟ್ಟು, ಮೊಟ್ಟೆ, ಬೆಣ್ಣೆ ಅವರದೇ, ಶ್ರಮವೂ ಅವರದೇ. ಮಾರಿದ ದುಡ್ಡು ಜಾತ್ರೆಯ ಡಬ್ಬಿಗೆ.

ಗುಂಪಿನ ನಡುವೆ ಮುಚ್ಚಳಕ್ಕೆ ಸೀಲ್ ಅಂಟಿಸಿದ ಬಕೆಟ್ ಹಿಡಿದು ಒಬ್ಬರು ಅಡ್ಡಾಡುತ್ತಿರುತ್ತಾರೆ. ಸೀಲ್ ಯಾಕೆಂದರೆ ಹಿಡಿದವರೂ ಅದನ್ನು ತೆರೆಯುವ ಹಾಗಿಲ್ಲ. ಎಣಿಸುವಾಗಲೇ ಒಡೆಯಬೇಕು. ನೋಂದಣಿಯಾದ ದಾನ ಸಂಸ್ಥೆಗಳು ಲೆಕ್ಕಪತ್ರ ಇಡಬೇಕು, ಯಾರು ಕೇಳಿದರೂ ತೋರಿಸಬೇಕು. ಜನ ಧಾರಾಳವಾಗಿ ಕೈಬಿಚ್ಚುವುದಕ್ಕೆ ಈ ಲೆಕ್ಕದ ಚೊಕ್ಕತನವೇ ಅರ್ಧ ಕಾರಣ ಎಂದು ನನ್ನ ನಂಬಿಕೆ. ನಮ್ಮಲ್ಲಿ ಜಾತ್ರೆ ಸಮಿತಿಯಲ್ಲಿ ಕೆಲಸ ಮಾಡಿದವರಿಗೆ ಈ ಮಾತಿನ ಭಾರ ಗೊತ್ತಿದೆ.

ಇಂಥ ದುಡ್ಡು ಎಲ್ಲಿಗೆ ಹೋಗುತ್ತದೆ ಎನ್ನುವುದೂ ತಿಳಿಯಬೇಕಾದ ವಿಷಯ. ಇಂಗ್ಲೆಂಡಿನಲ್ಲಿ ಆಸ್ಪತ್ರೆ ಸರ್ಕಾರದ್ದು, ಚಿಕಿತ್ಸೆಗೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಅಪಘಾತವಾದಾಗ ಗುಡ್ಡಕ್ಕೆ ಹಾರಿ ಬರುವ ಹೆಲಿಕಾಪ್ಟರ್ ಆಂಬುಲೆನ್ಸ್ ನಡೆಯುವುದು ಜನರ ದೇಣಿಗೆಯಿಂದ. ಯಾರ್ಕ್‌ಷೈರಿನ ಯಾವ ಹಳ್ಳಿ ಜಾತ್ರೆಗೆ ಹೋದರೂ ಅದಕ್ಕೆ ಒಂದು ಡಬ್ಬಿ ಇರುತ್ತದೆ. ಗುಡ್ಡದಲ್ಲಿ ದಾರಿ ತಪ್ಪಿದವರನ್ನು ಹುಡುಕುವ ತಂಡಗಳೂ ಸಂಬಳವಿಲ್ಲದ ಸ್ವಯಂಸೇವಕರವೇ. ಆ ಸೀಮೆಯ ಕ್ಲಾಪಮ್ ಎಂಬ ಹಳ್ಳಿಯಲ್ಲಿ 1935ರಲ್ಲಿ ಗುಹೆಯಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ತಂಡ ಶುರುವಾಯಿತು. ಆ ಬಗೆಯ ತಂಡಗಳಲ್ಲಿ ಲೋಕಕ್ಕೇ ಮೊದಲನೆಯದು ಅದು. ಬಂಡೆಯ ಸಂದಿಗೆ ಬಿದ್ದ ಕುರಿಯನ್ನು ಎತ್ತಲೂ ಅವರು ಹಗ್ಗ ಹಿಡಿದು ಹೋಗುತ್ತಾರೆ. ಬ್ಯಾಂಕಿನವನು, ಮೇಷ್ಟ್ರು, ರೈತ, ಎಲ್ಲರೂ ಆ ತಂಡಗಳಲ್ಲಿದ್ದಾರೆ. ರಾತ್ರಿ ಫೋನ್ ಬಂದರೆ ಎದ್ದು ಹೊರಡುತ್ತಾರೆ.

ಮಕ್ಕಳಿಗೆ ಕುರಿ ಓಟದ ಸ್ಪರ್ಧೆ ದೊಡ್ಡ ಖುಷಿ. ಮುಂದೆ ಒಬ್ಬರು ಮೇವಿನ ಬಕೆಟ್ ಅಲ್ಲಾಡಿಸುತ್ತಾರೆ, ಕುರಿಗಳು ಓಡುತ್ತವೆ, ಸುತ್ತಲಿನವರು ಕೂಗುತ್ತಾರೆ. ಮಾರಿಸ್ ಕುಣಿತದವರು ಕಾಲಿಗೆ ಗೆಜ್ಜೆ ಕಟ್ಟಿ ಕೋಲು ಹೊಡೆದು ಕುಣಿಯುತ್ತಾರೆ. ನಮ್ಮ ಕೋಲಾಟ ಬಲ್ಲವರಿಗೆ ಅದು ನೋಡಲು ಚೆಂದ. ಊರಿನಲ್ಲಿ ಎರಡು ಬಿಯರ್ ಕಾರ್ಖಾನೆ ಇವೆ, 1827ರ ಥೀಕ್‌ಸ್ಟನ್ ಒಂದು, 1992ರ ಬ್ಲ್ಯಾಕ್ ಶೀಪ್ ಇನ್ನೊಂದು. ಜಾತ್ರೆಗೆ ಬಂದವರಲ್ಲಿ ಅನೇಕರು ಅಲ್ಲಿಗೂ ಹೋಗುತ್ತಾರೆ.

ನಾನು ಜಾಸ್ತಿ ಹೊತ್ತು ನಿಂತದ್ದು ಉಣ್ಣೆಯ ಸ್ಪರ್ಧೆಯಲ್ಲಿ. ಮೇಜಿನ ಮೇಲೆ ಇಡೀ ಕುರಿಯ ಉಣ್ಣೆಯನ್ನು ಕಂಬಳಿ ಸುತ್ತಿದ ಹಾಗೆ ಸುತ್ತಿಟ್ಟಿದ್ದರು. ತೀರ್ಪುಗಾರ ಒಂದೊಂದನ್ನೇ ಬಿಚ್ಚಿ ಹರಡಿದರು. ಮೊದಲು ಹೆಗಲಿನ ಉಣ್ಣೆ ನೋಡಿದರು, ಆಮೇಲೆ ತೊಡೆಯ ಹತ್ತಿರದ್ದು. ಎರಡರ ನಡುವೆ ವ್ಯತ್ಯಾಸ ಕಮ್ಮಿ ಇದ್ದಷ್ಟೂ ಒಳ್ಳೆಯದಂತೆ. ಕಸ, ಮುಳ್ಳು ಇದೆಯೇ ಎಂದು ಬೆರಳಾಡಿಸಿದರು. ಕೊನೆಗೆ ಒಂದು ಸಣ್ಣ ಎಳೆಗೊಂಚಲನ್ನು ಕಿತ್ತು, ಎರಡೂ ತುದಿ ಹಿಡಿದು, ಕಿವಿಯ ಹತ್ತಿರ ತಂದು ಜಗ್ಗಿದರು. ಗಟ್ಟಿ ಉಣ್ಣೆಯಾದರೆ ತಂತಿ ಮೀಟಿದ ಹಾಗೆ ಟಿಣ್ ಎನ್ನುತ್ತದೆ. ಕುರಿಗೆ ನಡುವೆ ಕಾಯಿಲೆ ಬಂದಿದ್ದರೆ, ಮೇವು ಸಾಲದೆ ಹೋಗಿದ್ದರೆ, ಆ ಕಾಲದಲ್ಲಿ ಬೆಳೆದ ಜಾಗದಲ್ಲಿ ಎಳೆ ಬಡವಾಗಿರುತ್ತದೆ. ಜಗ್ಗಿದಾಗ ಅಲ್ಲೇ ಕಡಿಯುತ್ತದೆ. ಒಂದು ವರ್ಷ ಆ ಕುರಿಯನ್ನು ಹೇಗೆ ನೋಡಿಕೊಂಡರು ಎನ್ನುವುದು ಆ ಗೇಣುದ್ದದ ಎಳೆಯಲ್ಲಿ ಗೊತ್ತಾಗಿಬಿಡುತ್ತದೆ. ತೀರ್ಪುಗಾರ ನನಗೂ ಒಂದು ಗೊಂಚಲು ಕೊಟ್ಟು ಜಗ್ಗಲು ಹೇಳಿದರು. ಆ ಸದ್ದು ಕೇಳಿಸಿತು.

ಇಷ್ಟೆಲ್ಲ ಕೌಶಲ ಇರುವ ಉಣ್ಣೆಗೆ ಬೆಲೆ ಎಷ್ಟು ಗೊತ್ತೇ? ಗುಡ್ಡದ ಕುರಿಯ ಉಣ್ಣೆಯಾದರೆ, ಎಷ್ಟೋ ವರ್ಷ ಕತ್ತರಿಸುವವನ ಕೂಲಿಯೂ ಹುಟ್ಟುವುದಿಲ್ಲ. ಕತ್ತರಿಸದೆ ಬಿಡುವಂತೆಯೂ ಇಲ್ಲ, ಬೇಸಗೆಯಲ್ಲಿ ನೊಣ ಕೂತು ಹುಳ ಬಿದ್ದು ಕುರಿ ನರಳುತ್ತದೆ. ಕುರಿಯ ಮೇಲಿನ ಮಮತೆಗೆ ಕೈಯಿಂದ ದುಡ್ಡು ಹಾಕಿ ಕತ್ತರಿಸುತ್ತಾರೆ. ಇಲ್ಲಿಯೂ ಅದೇ ಕತೆ ನಡೆಯುತ್ತಿದೆ ಎಂದು ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ. ಡೆಕ್ಕನಿ ಉಣ್ಣೆಯನ್ನು ಕೇಳುವವರಿಲ್ಲದೆ ಬೇಲಿಗೆ ಎಸೆಯುವುದನ್ನು ನಾನೂ ಕಂಡಿದ್ದೇನೆ. ಕಂಡಾಗ ಹೊಟ್ಟೆ ಉರಿದಿದೆ.

ಜಾತ್ರೆಯಲ್ಲಿ ಬಿಷಪ್ ಬ್ಲೇಜ್ ಎಂಬ ಸಂತನ ಮೆರವಣಿಗೆಯೂ ಉಂಟು. ನಾಲ್ಕನೇ ಶತಮಾನದಲ್ಲಿ ಅರ್ಮೇನಿಯಾ ಕಡೆ ಇದ್ದ ಪಾದ್ರಿ ಅವನು. ಕಬ್ಬಿಣದ ಬಾಚಣಿಗೆಯಿಂದ ಅವನ ಮೈ ಕೆರೆದು ಹಿಂಸಿಸಿ ಕೊಂದರು ಎಂದು ಕತೆ. ಉಣ್ಣೆ ಬಾಚುವವರ ಕೈಯಲ್ಲೂ ಅಂಥದೇ ಬಾಚಣಿಗೆ. ಹಾಗಾಗಿ ಅವನನ್ನೇ ತಮ್ಮ ದೇವರಾಗಿ ಮಾಡಿಕೊಂಡರು. ಕಸುಬಿನ ಆಯುಧದಲ್ಲಿ ದೇವರನ್ನು ಕಾಣುವುದು ನಮಗೆ ಬಿಡಿಸಿ ಹೇಳಬೇಕಾದ ಸಂಗತಿಯೇನಲ್ಲ. ಆ ಬಾಚುವವರ ಬದುಕು ಕಷ್ಟದ್ದು. ಬಾಚಣಿಗೆಯ ಉದ್ದ ಹಲ್ಲುಗಳನ್ನು ಇದ್ದಿಲ ಒಲೆಯಲ್ಲಿ ಕಾಯಿಸಬೇಕು, ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಕುಡಿಯುತ್ತಾ ದಿನವಿಡೀ ಬಾಚಬೇಕು. 1825ರ ಫೆಬ್ರವರಿ 3ರಂದು ಲೀಡ್ಸ್ ಪಕ್ಕದ ಬ್ರ್ಯಾಡ್‌ಫರ್ಡ್ ಪಟ್ಟಣದಲ್ಲಿ ಬ್ಲೇಜ್ ಹಬ್ಬವನ್ನು ಹಿಂದೆಂದೂ ಕಾಣದ ಅದ್ದೂರಿಯಲ್ಲಿ ಮಾಡಿದರು. ಮಾಲೀಕರು, ಕೂಲಿಗಳು ಒಟ್ಟಿಗೆ ಮೆರವಣಿಗೆ ಹೋದರು. ಅದೇ ವರ್ಷ ಕೂಲಿ ಹೆಚ್ಚಿಸಿ ಎಂದು ಬಾಚುವವರು, ನೇಯುವವರು ಮುಷ್ಕರ ಹೂಡಿದರು. ತಿಂಗಳುಗಟ್ಟಲೆ ಹಸಿದುಕೊಂಡು ಹೋರಾಡಿ ಸೋತರು. ಮುಂದೆ ಮೂವತ್ತು ವರ್ಷದೊಳಗೆ ಬಾಚುವ ಯಂತ್ರ ಬಂದು ಅವರ ಕಸುಬೇ ಅಳಿಯಿತು. ಆ ಯಂತ್ರಗಳನ್ನು ತಂದು ಗೆದ್ದವರಲ್ಲಿ ಸ್ಯಾಮ್ಯುಯೆಲ್ ಲಿಸ್ಟರ್ ಮುಖ್ಯ. ಬ್ರ್ಯಾಡ್‌ಫರ್ಡಿನ ದೊಡ್ಡ ಮ್ಯಾನಿಂಗಮ್ ಗಿರಣಿಯ ಒಡೆಯ. ಆತ ಮ್ಯಾಸಮ್ ಪಕ್ಕದ ಸ್ವಿಂಟನ್ ಎಸ್ಟೇಟನ್ನು ಕೊಂಡ. 1891ರಲ್ಲಿ ಅವನಿಗೆ ಕೊಟ್ಟ ಪದವಿಯ ಹೆಸರು ಲಾರ್ಡ್ ಮ್ಯಾಸಮ್. ಅದೇ ಊರಿನ ಬೀದಿಯಲ್ಲಿ ಇವತ್ತು ಕೈಯಲ್ಲಿ ಬಾಚುತ್ತಿದ್ದವರ ಸಂತನ ಮೆರವಣಿಗೆ ಹೋಗುತ್ತದೆ. ಅಲ್ಲೇ ನೂಲುವವರು ರಾಟೆ ಇಟ್ಟುಕೊಂಡು ಕೂತಿರುತ್ತಾರೆ. ಕೈಕಸುಬನ್ನು ಮರೆಯಬಾರದು ಎಂದು ಅದನ್ನು ಕಳೆದುಕೊಂಡ ನಾಡಿಗೆ ಅನ್ನಿಸಿದೆ.

ಜಾತ್ರೆ ಎಷ್ಟು ನಾಜೂಕಿನದು ಎನ್ನುವುದಕ್ಕೆ 2001ನ್ನು ನೆನೆಯಬೇಕು. ಆ ವರ್ಷ ಬ್ರಿಟನ್ನಿಗೆ ಕಾಲುಬಾಯಿ ಜ್ವರ ಬಂತು. ರೋಗ ಹರಡದಂತೆ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು, ಅದರಲ್ಲಿ ಬಹುಪಾಲು ಕುರಿ. ಯಾರ್ಕ್‌ಷೈರ್ ಡೇಲ್ಸ್ ಕೂಡ ಹೆಣಗಳನ್ನು ಸುಟ್ಟ ವಾಸನೆಯಲ್ಲಿ ಮುಳುಗಿತ್ತು. ಕುರಿ ಸಾಗಿಸುವುದೇ ನಿಂತಿತು, ಸಂತೆಗಳು ನಿಂತವು. ಗುಡ್ಡದ ಕುರಿಗೆ ಬೇಲಿ ಇರುವುದಿಲ್ಲ. ತಾಯಿ ಎಲ್ಲಿ ಮೇಯುತ್ತದೋ ಮರಿ ಅಲ್ಲೇ ಮೇಯಲು ಕಲಿಯುತ್ತದೆ, ದೊಡ್ಡದಾಗಿ ತನ್ನ ಮರಿಗೆ ಕಲಿಸುತ್ತದೆ. ಹೀಗೆ ನೂರಾರು ವರ್ಷದಿಂದ ಬಂದ ತಿಳಿವು ಅದು. ಅಂಥ ಮಂದೆಯನ್ನು ಪೂರ್ತಿ ಕೊಂದರೆ ದುಡ್ಡು ಕೊಟ್ಟು ಬೇರೆ ಕುರಿ ತರಬಹುದು, ಆದರೆ ಹೊಸ ಕುರಿಗೆ ಗುಡ್ಡದ ಗುರುತು ಇರುವುದಿಲ್ಲ. ಪೀಟ್ ಹಚ್ಚಿದ ಟಗರನ್ನು ಹಿಡಿದಿದ್ದ ಆ ವಯಸ್ಸಾದ ಹೆಂಗಸು ಈ ವಿಷಯ ಹೇಳುವಾಗ ತಮ್ಮ ಪಕ್ಕದ ಕಣಿವೆಯವರ ಹೆಸರು ಒಂದೊಂದೇ ಹೇಳಿದರು. ಯಾರು ಮತ್ತೆ ಶುರು ಮಾಡಿದರು, ಯಾರು ಮಾಡಲಿಲ್ಲ ಎಂದು.

ನನ್ನ ಮಾತು ಮುಗಿದ ಮೇಲೆ ಕೂಟದಲ್ಲಿದ್ದ ಒಬ್ಬರು ಕೇಳಿದರು: “ಇದೆಲ್ಲ ಸರಿ, ಆದರೆ ಕುರಿ ಸಾಕುವವನಿಗೆ ಇದರಿಂದ ಏನು ಸಿಕ್ಕಿತು? ದುಡ್ಡೆಲ್ಲ ದಾನಕ್ಕೆ ಹೋಯಿತಲ್ಲ?”

ಒಳ್ಳೆಯ ಪ್ರಶ್ನೆ. ಜಾತ್ರೆಯಿಂದ ಉಣ್ಣೆಯ ಬೆಲೆ ಏರಿಲ್ಲ, ಅದು ನಿಜ. ಆದರೆ ಕೈಯಲ್ಲಿ ನೂಲುವವರು, ನೇಯುವವರು ದೂರದಿಂದ ಜಾತ್ರೆಗೆ ಬರುತ್ತಾರೆ. ವೆನ್ಸ್‌ಲೀಡೇಲ್, ಟೀಸ್‌ವಾಟರ್ ಉಣ್ಣೆಯನ್ನು ಸಾಕಿದವರ ಕೈಯಿಂದಲೇ ಕೊಳ್ಳುತ್ತಾರೆ. ಸಗಟು ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ಕೊಡುತ್ತಾರೆ, ಯಾಕೆಂದರೆ ಯಾವ ಕುರಿಯದು, ಯಾರು ಸಾಕಿದ್ದು ಎಂದು ಅವರಿಗೆ ಗೊತ್ತು. ಅಪರೂಪದ ತಳಿ ಸಾಕುವವರಿಗೆ ಅದು ಆಸರೆ. ಚಳ್ಳಕೆರೆಯಲ್ಲಿ ಕಂಬಳಿಯನ್ನು ಗಂಟು ಕಟ್ಟಿ ಲೆಕ್ಕದಲ್ಲಿ ಮಾರುತ್ತೀರಿ. ಇದು ಇಂಥವರ ಮಂದೆಯ ಉಣ್ಣೆ, ಇಂಥವರು ನೂತದ್ದು, ಇಂಥವರು ನೇಯ್ದು ಹುಣಸೆ ಬೀಜದ ಗಂಜಿ ಹಾಕಿದ್ದು ಎಂದು ಹೇಳಿ ಮಾರಿದರೆ ಕೊಳ್ಳುವವರು ಇದ್ದಾರೆ. ನಾನು ಅಲ್ಲಿ ಅಂಥವರನ್ನು ಕಂಡು ಮಾತಾಡಿಸಿದ್ದೇನೆ.

ಇನ್ನೊಬ್ಬರು ತಮ್ಮ ಮಗಳು ಬ್ರ್ಯಾಡ್‌ಫರ್ಡಿನಲ್ಲಿ ಓದುತ್ತಿದ್ದಾಳೆ, ಅವಳು ಹೋಗಿ ನೋಡಬಹುದೇ ಎಂದು ಕೇಳಿದರು. ಖಂಡಿತ ಹೋಗಲಿ. ಲೀಡ್ಸ್‌ನಿಂದ ರಿಪನ್‌ಗೆ 36ನೇ ನಂಬರಿನ ಬಸ್ಸಿದೆ, ಅಲ್ಲಿಂದ ಮ್ಯಾಸಮ್‌ಗೆ ಬೇರೆ ಬಸ್ಸು ಹಿಡಿಯಬೇಕು. ಶನಿವಾರವೇ ಹೋಗುವುದು ಒಳ್ಳೆಯದು, ಭಾನುವಾರ ಹಳ್ಳಿ ಕಡೆ ಬಸ್ಸು ಕಮ್ಮಿ. ಹೋಗುವಾಗ ಮನೆಯಿಂದ ಒಂದು ಕರಿ ಕಂಬಳಿ ತೆಗೆದುಕೊಂಡು ಹೋಗಲು ಹೇಳಿ. ಉಣ್ಣೆ ಸ್ಪರ್ಧೆಯ ಮೇಜಿನ ಹತ್ತಿರ ನಿಂತು ಅದನ್ನು ಬಿಚ್ಚಿದರೆ ಸಾಕು, ನೂಲುವವರೆಲ್ಲ ಸುತ್ತ ಸೇರಿ ಕೇಳತೊಡಗುತ್ತಾರೆ: ಯಾವ ತಳಿ, ಎಷ್ಟು ಎಳೆ, ಗಂಜಿ ಯಾವುದು ಎಂದು. ಆ ಪ್ರಶ್ನೆಗಳಿಗೆ ಉತ್ತರವನ್ನು ಮಾತ್ರ ಇಲ್ಲಿಂದಲೇ ಬರೆಸಿಕೊಂಡು ಹೋಗಬೇಕು. ಅದನ್ನು ಹೇಳಬಲ್ಲವರು ಈ ಕೋಣೆಯಲ್ಲೇ ಇದ್ದಾರೆ.